ಗಾಲಿಮನೆ, ಕರಡಿ ಪೆಟ್ಟಿಗೆ ಮತ್ತು ನನ್ನ ಕೋಡುಬಳೆ

ನಾನು ಹುಡುಗನಾಗಿದ್ದಾಗ ನಮ್ಮೂರಿನಿಂದ ಜಾತ್ರೆಗೆ ಹೋಗುವುದೆಂದರೆ ಕಮಾನು ಗಾಡಿ ಕಟ್ಟಿಕೊಂಡೇ ಹೋಗಬೇಕಿತ್ತು. ಗಾಡಿಯೊಳಗೆ ಹುಲ್ಲು, ಅದರ ಮೇಲೆ ಜಮಖಾನ, ಅದರ ಮೇಲೆ ನಾವು ಐದಾರು ಮಕ್ಕಳು. ಗಾಡಿಯ ಕೆಳಗೆ ಲಾಂದ್ರ ತೂಗುತ್ತಿತ್ತು. ಜಾತ್ರೆಯ ಹತ್ತಿರದ ಮಾವಿನ ತೋಪಿನಲ್ಲಿ ಎತ್ತುಗಳನ್ನು ಬಿಚ್ಚಿ ಕಟ್ಟುತ್ತಿದ್ದರು. ಅಜ್ಜಿ ಮೂರು ಕಲ್ಲು ಹೂಡಿ ಅನ್ನಕ್ಕಿಡುತ್ತಿದ್ದರು. ರಾತ್ರಿ ಗಾಡಿಯೊಳಗೆ ಹೆಂಗಸರು, ಮಕ್ಕಳು. ಗಾಡಿಯ ಕೆಳಗೆ ಗಂಡಸರು. ಎರಡು ಮೂರು ದಿನ ಅದೇ ನಮ್ಮ ಮನೆ.

ಅರವತ್ತು ವರ್ಷಗಳ ಮೇಲೆ ನನಗೆ ಮತ್ತೆ ಅಂಥದೇ ಒಂದು ಗಾಡಿಯಲ್ಲಿ ಮಲಗುವ ಯೋಗ ಬಂತು. ಈ ಗಾಡಿಗೆ ಎತ್ತುಗಳಿರಲಿಲ್ಲ. ಬದಲಿಗೆ ಒಲೆ, ಫ್ರಿಜ್ಜು, ಸ್ನಾನದ ಮನೆ, ಆರು ಜನಕ್ಕೆ ಹಾಸಿಗೆ ಎಲ್ಲವೂ ಇದ್ದವು. ಅಮೆರಿಕದಲ್ಲಿ ಇದಕ್ಕೆ ಆರ್.ವಿ. ಎನ್ನುತ್ತಾರೆ, ರಿಕ್ರಿಯೇಷನಲ್ ವೆಹಿಕಲ್ ಎಂಬುದರ ಚಿಕ್ಕ ರೂಪ. ನಮ್ಮ ಮನೆಯವರು ಅದನ್ನು ನೋಡಿದ ಕೂಡಲೇ ‘ಗಾಲಿಮನೆ’ ಎಂದು ಹೆಸರಿಟ್ಟರು. ಆಮೇಲೆ ಎಲ್ಲರ ಬಾಯಲ್ಲೂ ಅದೇ ಹೆಸರು.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ಮಗಳ ಮನೆಗೆ ನಾವಿಬ್ಬರೂ ಹೋಗಿದ್ದೆವು. ಜೂನ್ ತಿಂಗಳು, ಮಕ್ಕಳಿಗೆ ಬೇಸಿಗೆ ರಜೆ. ಮೊಮ್ಮಗ ಚಿನ್ನುವಿಗೆ ಒಂಬತ್ತು ವರ್ಷ, ಅವನ ತಂಗಿ ಪುಟ್ಟಿಗೆ ಐದು. ಒಂದು ರಾತ್ರಿ ಊಟದ ಹೊತ್ತಿನಲ್ಲಿ ಮಗಳು ಹೇಳಿದಳು:

“ಅಪ್ಪ, ಯೊಸೆಮಿಟಿಗೆ ಹೋಗೋಣ. ಮೂರು ರಾತ್ರಿ. ಫೋನಿಲ್ಲ, ಟಿ.ವಿ. ಇಲ್ಲ. ನೀವು ಸುಮ್ಮನೆ ಕೂತ್ಕೊಂಡು ರೆಸ್ಟ್ ತಗೋಬೇಕು ಅಷ್ಟೆ.”

ಸುಮ್ಮನೆ ಕೂರುವುದು ನನಗೆ ಅಭ್ಯಾಸವಿಲ್ಲದ ಕೆಲಸ. ಬ್ಯಾಂಕಿನಲ್ಲಿದ್ದಾಗ ರಜೆ ಪ್ರಯಾಣದ ಸೌಲಭ್ಯ ಸಿಕ್ಕಾಗಲೂ ಅಷ್ಟೆ. ಬೆಳಗ್ಗೆ ಒಂದು ದೇವಸ್ಥಾನ, ಮಧ್ಯಾಹ್ನ ಇನ್ನೊಂದು, ಸಂಜೆ ಬಸ್ಸಿಗೆ ಓಟ. ಮಕ್ಕಳು ರಾತ್ರಿ ಬಸ್ಸಿನಲ್ಲೇ ನಿದ್ದೆ ಹೋಗುತ್ತಿದ್ದರು. ಈ ಸಲ ಏನಾಗುತ್ತದೋ ನೋಡೋಣ ಎಂದುಕೊಂಡೆ.

ಬಾದಾಮಿ ತೋಟ ದಾಟಿ

ಯೊಸೆಮಿಟಿ ಕಣಿವೆಯ ಕ್ಯಾಂಪ್‌ಗ್ರೌಂಡಿನಲ್ಲಿ ಜಾಗ ಸಿಗುವುದು ಸುಲಭವಲ್ಲ. ತಿಂಗಳುಗಟ್ಟಲೆ ಮೊದಲೇ ಬುಕಿಂಗ್ ತೆರೆಯುತ್ತದೆ, ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ನಮ್ಮ ರೈಲ್ವೆಯ ತತ್ಕಾಲ್ ಟಿಕೆಟ್ಟಿನ ಹಾಗೆ. ಒಂದು ಜಾಗಕ್ಕೆ ಆರು ಜನ ಮಾತ್ರ. ನಾವು ಲೆಕ್ಕಕ್ಕೆ ಸರಿಯಾಗಿ ಆರು ಜನ ಇದ್ದೆವು.

ಅಳಿಯಂದಿರು ಬಾಡಿಗೆಗೆ ತಂದ ಗಾಡಿ ಇಪ್ಪತ್ತೈದು ಅಡಿ ಉದ್ದ. ಅಲ್ಲಿ ಇಂಥ ಗಾಡಿ ಓಡಿಸಲು ಕಾರಿನ ಲೈಸೆನ್ಸೇ ಸಾಕು. ಡ್ರೈವರ್ ತಲೆಯ ಮೇಲಿನ ಅಟ್ಟದಲ್ಲಿ ಮಕ್ಕಳ ಹಾಸಿಗೆ. ಊಟದ ಮೇಜು ರಾತ್ರಿ ಮಂಚವಾಗುತ್ತದೆ, ಅದು ಮಗಳು ಅಳಿಯಂದಿರಿಗೆ. ಹಿಂದುಗಡೆ ನಮ್ಮಿಬ್ಬರ ಮಂಚ. ಗಾಡಿ ಓಡುವಾಗ ಮಾತ್ರ ಯಾರೂ ಮಲಗುವಂತಿಲ್ಲ, ಎಲ್ಲರೂ ಬೆಲ್ಟು ಬಿಗಿದು ಕೂತಿರಬೇಕು.

ಸುಮಾರು 300 ಕಿಲೋಮೀಟರ್ ದಾರಿ. ಅರ್ಧ ದಾರಿಯವರೆಗೂ ಎರಡೂ ಕಡೆ ಬಾದಾಮಿ ತೋಟಗಳು. ಪ್ರಪಂಚದ ಬಾದಾಮಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಳೆಯುವುದು ಇದೊಂದೇ ರಾಜ್ಯದಲ್ಲಿ. “ಬಾದಾಮಿ ಅಂದ್ರೆ ನಮ್ಮ ಕಡೆ ಒಂದು ಊರು ಕಣೋ” ಎಂದು ನಾನು ಚಿನ್ನುವಿಗೆ ಹೇಳಿದೆ. “ಅಲ್ಲಿ ತುಂಬಾ ಬಾದಾಮಿ ಮರ ಇದೆಯಾ, ತಾತ?” ಎಂದು ಕೇಳಿದ. “ಇಲ್ಲ, ಕಲ್ಲಿನಲ್ಲಿ ಕೊರೆದ ಗುಹಾ ದೇವಾಲಯಗಳಿವೆ” ಎಂದೆ. ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿ, “ಹಾಗಾದ್ರೆ ಹೆಸರು ತಪ್ಪು ಇಟ್ಟಿದ್ದಾರೆ” ಎಂದ.

ಮಾರಿಪೋಸಾ ಎಂಬ ಊರು ದಾಟಿದ ಮೇಲೆ ಬೆಟ್ಟದ ದಾರಿ. ಮರ್ಸೆಡ್ ನದಿ ಪಕ್ಕದಲ್ಲೇ ಹರಿಯುತ್ತದೆ. ಕಣಿವೆಯೊಳಗೆ ಬಂದಾಗ ಎಡಗಡೆ ಎಲ್ ಕ್ಯಾಪಿಟನ್ ಎಂಬ ಬಂಡೆ ಕಾಣಿಸಿತು. ಅದು ಕಣಿವೆಯ ನೆಲದಿಂದ ಸುಮಾರು 3,000 ಅಡಿ ನೆಟ್ಟಗೆ ನಿಂತಿದೆ. ಒಂದೇ ಬಂಡೆ! ಅದರ ಮೇಲೆ ಹಗ್ಗ ಹಿಡಿದು ಹತ್ತುವವರು ಇರುವೆಗಿಂತ ಚಿಕ್ಕದಾಗಿ ಕಾಣುತ್ತಿದ್ದರು. ನಮ್ಮ ಮನೆಯವರು ಎರಡೂ ಕೈ ಮುಗಿದರು. ನಾನೂ ಮುಗಿದೆ.

ನೀರಿನ ಲೆಕ್ಕ

ಕ್ಯಾಂಪ್‌ಗ್ರೌಂಡ್ ಎಂದರೆ ಎತ್ತರವಾದ ಪೈನ್ ಮರಗಳ ತೋಪು. ಪ್ರತಿ ಕುಟುಂಬಕ್ಕೂ ಗಾಡಿ ನಿಲ್ಲಿಸಲು ಜಾಗ, ಒಂದು ಮರದ ಮೇಜು, ಬೆಂಚು, ಬೆಂಕಿ ಹಾಕಲು ಕಬ್ಬಿಣದ ಬಳೆ ಕಟ್ಟಿದ ಗುಂಡಿ, ಮತ್ತು ಒಂದು ಕಬ್ಬಿಣದ ಪೆಟ್ಟಿಗೆ. ಆ ಪೆಟ್ಟಿಗೆಯ ಕಥೆ ಮುಂದೆ ಬರುತ್ತದೆ.

ಬೇರೆ ಕೆಲವು ಕಡೆ ಗಾಡಿಗೆ ಕರೆಂಟು, ನೀರಿನ ಪೈಪು ಜೋಡಿಸುವ ವ್ಯವಸ್ಥೆ ಇರುತ್ತದಂತೆ. ಇಲ್ಲಿ ಅದಿಲ್ಲ. ಗಾಡಿಯ ಟ್ಯಾಂಕಿನಲ್ಲಿ ಎಷ್ಟು ನೀರಿದೆಯೋ ಅಷ್ಟೇ. ನಮ್ಮ ಗಾಡಿಯಲ್ಲಿದ್ದುದು 40 ಗ್ಯಾಲನ್, ಅಂದರೆ ಸುಮಾರು 150 ಲೀಟರ್. ಬಳಸಿದ ನೀರಿಗೆ ಬೇರೆ ಎರಡು ಟ್ಯಾಂಕು: ಪಾತ್ರೆ ತೊಳೆದ, ಸ್ನಾನ ಮಾಡಿದ ನೀರಿಗೆ ಒಂದು, ಪಾಯಿಖಾನೆಯದಕ್ಕೆ ಇನ್ನೊಂದು. ಅವು ತುಂಬಿದರೆ ಗೊತ್ತುಪಡಿಸಿದ ಜಾಗಕ್ಕೆ ಗಾಡಿ ತೆಗೆದುಕೊಂಡು ಹೋಗಿ, ಕೈಗೆ ಗ್ಲೌಸ್ ಹಾಕಿಕೊಂಡು, ದಪ್ಪ ಪೈಪು ಜೋಡಿಸಿ ಖಾಲಿ ಮಾಡಬೇಕು. ಕಂಡ ಕಂಡಲ್ಲಿ ಬಿಡುವಂತಿಲ್ಲ.

ಕರೆಂಟಿಗೆ ಬ್ಯಾಟರಿ. ಅದನ್ನು ಚಾರ್ಜ್ ಮಾಡುವ ಜನರೇಟರಿಗೂ ಹೊತ್ತಿದೆ: ಬೆಳಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7. ರಾತ್ರಿ 10ರ ಮೇಲೆ ಯಾರೂ ಗಲಾಟೆ ಮಾಡುವಂತಿಲ್ಲ.

ಲೆಕ್ಕ ಎಂದ ಮೇಲೆ ನನಗೆ ಕೆಲಸ ಸಿಕ್ಕಿತು. ಚಿನ್ನುವನ್ನು ಪಕ್ಕಕ್ಕೆ ಕೂರಿಸಿಕೊಂಡು ಅವನ ನೋಟ್ ಪುಸ್ತಕದಲ್ಲಿ ಮೂರು ಕಲಂ ಗೆರೆ ಹಾಕಿಸಿದೆ: ಜಮಾ, ಖರ್ಚು, ಶಿಲ್ಕು. “ನೂರೈವತ್ತು ಲೀಟರನ್ನು ಆರು ಜನಕ್ಕೆ ಹಂಚು. ಬಂದದ್ದನ್ನು ಮೂರು ದಿನಕ್ಕೆ ಹಂಚು” ಎಂದೆ. ಅವನು ಬೆರಳು ಮಡಿಸಿ ಎಣಿಸಿ, “ಒಬ್ಬರಿಗೆ ದಿನಕ್ಕೆ ಎಂಟು ಲೀಟರ್, ಸ್ವಲ್ಪ ಮಿಗುತ್ತೆ” ಎಂದ. ಅವನ ಮುಖ ಸಪ್ಪಗಾಯಿತು. ಮನೆಯಲ್ಲಿ ಅವನು ಷವರಿನ ಕೆಳಗೆ ನಿಂತರೆ ಒಂದು ನಿಮಿಷಕ್ಕೇ ಅಷ್ಟು ಖರ್ಚಾಗುತ್ತಿತ್ತು.

ಆಗ ಮುಂದೆ ಬಂದವರು ಅವನ ಅಜ್ಜಿ. ಬಾವಿ ನೀರು ಸೇದಿ ಬೆಳೆದವರು ಅವರು. ಒಂದು ಚಿಕ್ಕ ಬಕೆಟ್ಟು, ಒಂದು ಚೆಂಬು ತೆಗೆದುಕೊಂಡು ಐದೇ ಲೀಟರಿನಲ್ಲಿ ಪುಟ್ಟಿಗೆ ತಲೆಯಿಂದ ಕಾಲಿನವರೆಗೆ ಸ್ನಾನ ಮಾಡಿಸಿದರು. ಪಾತ್ರೆಗಳನ್ನು ಮೊದಲು ಕಾಗದದಲ್ಲಿ ಒರೆಸಿ ಆಮೇಲೆ ತೊಳೆಯುವುದನ್ನು ಮಗಳಿಗೆ ತೋರಿಸಿದರು. ಮೊದಲ ದಿನದ ಕೊನೆಗೆ ನಮ್ಮ ಖರ್ಚು 41 ಲೀಟರ್, ಶಿಲ್ಕು 109. ಚಿನ್ನು ಅದರ ಕೆಳಗೆ ಗೆರೆ ಎಳೆದು ನನ್ನ ಸಹಿ ಹಾಕಿಸಿಕೊಂಡ.

ಕರಡಿ ಪೆಟ್ಟಿಗೆ

ಇನ್ನು ಆ ಕಬ್ಬಿಣದ ಪೆಟ್ಟಿಗೆ. ಯೊಸೆಮಿಟಿಯಲ್ಲಿ 300ರಿಂದ 500 ಕಪ್ಪು ಕರಡಿಗಳಿವೆ. ಹೆಸರು ಕಪ್ಪು ಕರಡಿ. ಬಣ್ಣ ಹೆಚ್ಚಿನವಕ್ಕೆ ಕಂದು. ಕ್ಯಾಲಿಫೋರ್ನಿಯಾದ ಬಾವುಟದ ಮೇಲೆ ಇರುವುದು ಗ್ರಿಜ್ಲಿ ಎಂಬ ಇನ್ನೂ ದೊಡ್ಡ ಜಾತಿಯ ಕರಡಿ. ಅದನ್ನು ಬೇಟೆಯಾಡಿ ಬೇಟೆಯಾಡಿ ಆ ರಾಜ್ಯದಲ್ಲಿ ಒಂದನ್ನೂ ಉಳಿಸಿಲ್ಲ. ಈಗ ಅದು ಬಾವುಟದಲ್ಲಿ ಮಾತ್ರ ಇದೆ.

ಕರಡಿಗೆ ಕಣ್ಣಿಗಿಂತ ಮೂಗು ಚುರುಕು. ಆದ್ದರಿಂದ ವಾಸನೆ ಬರುವ ಯಾವುದನ್ನೂ ಹೊರಗೆ ಬಿಡುವಂತಿಲ್ಲ. ತಿಂಡಿ ಮಾತ್ರವಲ್ಲ, ಸೋಪು, ಟೂತ್‌ಪೇಸ್ಟು, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಕೂಡ. ಗಾಡಿಯ ಬಾಗಿಲು ಕಿಟಕಿ ಪೂರ್ತಿ ಮುಚ್ಚಿದ್ದರೆ ಒಳಗೆ ಇಡಬಹುದು. ಆದರೆ ನಮ್ಮ ಮನೆಯವರು ಮಾಡಿಕೊಂಡು ಬಂದಿದ್ದ ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ ಡಬ್ಬಿಗಳಿಗೆ ಒಳಗೆ ಜಾಗವಿರಲಿಲ್ಲ. ಅವೆಲ್ಲ ಕರಡಿ ಪೆಟ್ಟಿಗೆಗೆ ಹೋದವು. ಆ ಪೆಟ್ಟಿಗೆಯ ಚಿಲಕ ಮನುಷ್ಯರ ಬೆರಳಿಗೆ ಸಿಗುತ್ತದೆ, ಕರಡಿಯ ಪಂಜಕ್ಕೆ ಸಿಗುವುದಿಲ್ಲ.

ರಾತ್ರಿ ಪೆಟ್ಟಿಗೆ ಭದ್ರ ಮಾಡುವ ಜವಾಬ್ದಾರಿ ಚಿನ್ನುವಿಗೆ ಕೊಟ್ಟರು. ಅವನಿಗೆ ಅದು ದೊಡ್ಡ ಪದವಿ. ಏಕೆಂದರೆ ಅವನು ‘ಜೂನಿಯರ್ ರೇಂಜರ್’ ಆಗಲು ಹೊರಟಿದ್ದ. ಅಲ್ಲಿ ರೇಂಜರ್ ಎಂದರೆ ಅಗಲವಾದ ಟೋಪಿ ಹಾಕಿದ ಉದ್ಯಾನದ ಅಧಿಕಾರಿಗಳು. ಮಕ್ಕಳು ಒಂದು ಪುಸ್ತಕದಲ್ಲಿರುವ ಪ್ರಶ್ನೆಗಳಿಗೆ ಉತ್ತರ ಬರೆದು, ಒಂದು ಚೀಲ ಕಸ ಹೆಕ್ಕಿ, ರೇಂಜರ್ ನಡೆಸುವ ಕಾರ್ಯಕ್ರಮವೊಂದಕ್ಕೆ ಹೋಗಿ ಬಂದರೆ ಅವರಿಗೆ ಪ್ರಮಾಣವಚನ ಬೋಧಿಸಿ ಬ್ಯಾಡ್ಜು ಕೊಡುತ್ತಾರೆ. ಮೊದಲ ರಾತ್ರಿ ಚಿನ್ನು ಚಿಲಕ ಹಾಕಿ ಮೂರು ಸಲ ಎಳೆದು ನೋಡಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ.

ನಾನು ಮಾಡಿದ ತಪ್ಪು

ನನಗೆ ಎಲ್ಲಿ ಮಲಗಿದರೂ ನಾಲ್ಕೂವರೆಗೆ ಎಚ್ಚರ. ಎರಡನೇ ದಿನ ಬೆಳಗಿನ ಜಾವ ಸದ್ದಿಲ್ಲದೆ ಹೊರಗೆ ಬಂದೆ. ಫ್ಲಾಸ್ಕಿನಲ್ಲಿ ರಾತ್ರಿಯ ಕಾಫಿ ಇತ್ತು. ಜೊತೆಗೆ ಏನಾದರೂ ಇದ್ದರೆ ಚೆನ್ನ ಅನ್ನಿಸಿತು. ಕರಡಿ ಪೆಟ್ಟಿಗೆ ತೆಗೆದು ಕೋಡುಬಳೆ ಡಬ್ಬಿ ಈಚೆಗೆ ಇಟ್ಟೆ. ಬೆಂಚಿನ ಮೇಲೆ ಕೂತು ಎರಡು ತಿಂದೆ. ಚಳಿ ಹಿತವಾಗಿತ್ತು. ದೂರದಲ್ಲಿ ನದಿಯ ಸದ್ದು. ನೋಡಿಕೊಂಡು ಬರೋಣ ಎಂದು ಎದ್ದು ಹೊರಟೆ. ಡಬ್ಬಿ ಮೇಜಿನ ಮೇಲೆಯೇ ಉಳಿಯಿತು. ಪೆಟ್ಟಿಗೆಯ ಬಾಗಿಲೂ ತೆರೆದೇ ಇತ್ತು.

ನದಿಯ ದಡದಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ. ಹಾಫ್ ಡೋಮ್ ಎಂಬ ಅರ್ಧ ಗುಮ್ಮಟದಂಥ ಬೆಟ್ಟದ ತುದಿಗೆ ಬಿಸಿಲು ಮೊದಲು ತಾಗಿತು. ಏಳು ಗಂಟೆಗೆ ವಾಪಸು ಬಂದರೆ ಗಾಡಿಯ ಮುಂದೆ ಮಗಳ ದನಿ ಜೋರಾಗಿ ಕೇಳುತ್ತಿತ್ತು.

“ಒಂದೇ ಒಂದು ಕೆಲಸ ಕೊಟ್ಟಿದ್ದು ನಿಂಗೆ! ರೇಂಜರ್ ಬಂದು ಎಬ್ಬಿಸಿ ಹೇಳಿದಾಗ ನಂಗೆ ಎಷ್ಟು ಅವಮಾನ ಆಯ್ತು ಗೊತ್ತಾ?”

“ನಾನು ಲಾಕ್ ಮಾಡಿದ್ದೆ ಅಮ್ಮ. ಮೂರು ಸಲ ಚೆಕ್ ಮಾಡಿದ್ದೆ.”

“ಹಾಗಾದ್ರೆ ಕರಡಿ ಬಂದು ತೆಗೀತಾ? ಸುಳ್ಳು ಬೇರೆ ಹೇಳ್ತೀಯಾ?”

ಬೆಳಗಿನ ಗಸ್ತಿಗೆ ಬಂದ ರೇಂಜರ್ ತೆರೆದ ಪೆಟ್ಟಿಗೆ, ಮೇಜಿನ ಮೇಲಿನ ಡಬ್ಬಿ ನೋಡಿ ಬಾಗಿಲು ತಟ್ಟಿದ್ದರು. ದಂಡ ಹಾಕದೆ ಎಚ್ಚರಿಕೆ ಹೇಳಿ ಹೋಗಿದ್ದರು. ಚಿನ್ನು ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಕಣ್ಣಿನಲ್ಲಿ ನೀರು.

ಓದುಗರೇ, ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅಳಿಯಂದಿರು ಎದುರಿಗಿದ್ದರು. ಎಪ್ಪತ್ತು ದಾಟಿದ ಮನುಷ್ಯ, ಕೋಡುಬಳೆ ಆಸೆಗೆ ಹೀಗೆ ಮಾಡಿದೆ ಎಂದು ಹೇಗೆ ಹೇಳುವುದು? ಆಮೇಲೆ ಹೇಳಿದರಾಯಿತು ಎಂದುಕೊಂಡೆ. “ಹೋಗಲಿ ಬಿಡಮ್ಮ, ಮಗು” ಎಂದು ಮಾತ್ರ ಹೇಳಿದೆ. ದೊಡ್ಡ ಮನಸ್ಸಿನವನ ಹಾಗೆ ಹೇಳಿದೆ! ಈಗ ನೆನೆದರೂ ನಾಚಿಕೆಯಾಗುತ್ತದೆ.

ಆ ದಿನ ಬಿಟ್ಟಿ ಬಸ್ಸಿನಲ್ಲಿ ಯೊಸೆಮಿಟಿ ಜಲಪಾತಕ್ಕೆ ಹೋದೆವು. ಮೂರು ಹಂತಗಳಲ್ಲಿ ಒಟ್ಟು 2,425 ಅಡಿ ಬೀಳುತ್ತದೆ. ನಾನು ಸಾಗರದ ಶಾಖೆಯಲ್ಲಿದ್ದಾಗ ಜೋಗಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಜೋಗ 830 ಅಡಿ. ಇದು ಅದರ ಹತ್ತಿರ ಹತ್ತಿರ ಮೂರರಷ್ಟು. ಮೇಲಿನ ಹಿಮ ಕರಗಿ ಬರುವ ನೀರಾದ್ದರಿಂದ ಬೇಸಿಗೆಯ ಮೊದಲಲ್ಲಿ ಇದರ ಆರ್ಭಟ ಜೋರು. ಬೇಸಿಗೆ ಮುಗಿಯುವ ಹೊತ್ತಿಗೆ ಎಷ್ಟೋ ಸಲ ಒಣಗಿಯೇ ಹೋಗುತ್ತದೆ. ನಮ್ಮ ಜೋಗ ಮಳೆಗಾಲದಲ್ಲಿ ತುಂಬಿದರೆ ಇದು ಹಿಮ ಕರಗಿದಾಗ ತುಂಬುತ್ತದೆ.

ಇದನ್ನೆಲ್ಲ ಚಿನ್ನುವಿಗೆ ವಿವರಿಸಿದೆ. ಅವನು “ಹೂಂ” ಎಂದನೇ ಹೊರತು ನೋಟ್ ಪುಸ್ತಕ ತೆಗೆಯಲಿಲ್ಲ. ನೀರಿನ ಲೆಕ್ಕವನ್ನೂ ಬರೆದಿರಲಿಲ್ಲ.

ರೇಂಜರ್ ಹೇಳಿದ ಕಥೆ

ಸಂಜೆ ಬಯಲಿನಲ್ಲಿ ರೇಂಜರ್ ಒಬ್ಬರು ಮಕ್ಕಳನ್ನೂ ದೊಡ್ಡವರನ್ನೂ ಕೂರಿಸಿಕೊಂಡು ಕಥೆ ಹೇಳಿದರು. ಈ ಕಣಿವೆಯಲ್ಲಿ ಮೊದಲು ಅಹ್ವಾನೀಚೀ ಎಂಬ ಜನ ಬಾಳಿದ್ದರು, 1851ರಲ್ಲಿ ಬಂದೂಕು ಹಿಡಿದವರು ಬಂದು ಅವರನ್ನು ಹೊರದಬ್ಬಿದರು. 1864ರಲ್ಲಿ ಅಧ್ಯಕ್ಷ ಲಿಂಕನ್ ಕಣಿವೆಯನ್ನು ಸಾರ್ವಜನಿಕರಿಗಾಗಿ ಕಾಪಾಡುವ ಕಾನೂನಿಗೆ ಸಹಿ ಹಾಕಿದರು, 1890ರಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನವಾಯಿತು. 1903ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರು ಪ್ರಕೃತಿಪ್ರೇಮಿ ಜಾನ್ ಮ್ಯೂರ್ ಜೊತೆ ಇಲ್ಲೇ ಮೂರು ರಾತ್ರಿ ಬಯಲಲ್ಲಿ ಮಲಗಿದ್ದರು. ಒಂದು ಬೆಳಗ್ಗೆ ಎದ್ದಾಗ ಕಂಬಳಿಯ ಮೇಲೆ ಹಿಮ ಬಿದ್ದಿತ್ತು.

ಆಮೇಲೆ ಕರಡಿಯ ವಿಷಯ ಬಂತು. 1920, 30ರ ದಶಕಗಳಲ್ಲಿ ಉದ್ಯಾನದವರೇ ರಾತ್ರಿ ಹೊತ್ತು ದೀಪ ಹಾಕಿ, ಕರಡಿಗಳಿಗೆ ಎಂಜಲು ಸುರಿದು, ಪ್ರವಾಸಿಗಳಿಗೆ ತೋರಿಸುತ್ತಿದ್ದರಂತೆ. ಕರಡಿಗಳಿಗೆ ಮನುಷ್ಯರ ಊಟದ ರುಚಿ ಹತ್ತಿತು. ಕಾಡಿನಲ್ಲಿ ಬೇರು, ಹಣ್ಣು, ಹುಳು ಹುಡುಕುವುದಕ್ಕಿಂತ ಇದು ಸುಲಭ. ರುಚಿ ಹತ್ತಿದ ಕರಡಿ ಡೇರೆಗೆ ನುಗ್ಗುತ್ತದೆ, ಕಾರಿನ ಬಾಗಿಲು ಕೀಳುತ್ತದೆ. ದೂರ ಬಿಟ್ಟು ಬಂದರೂ ವಾಪಸು ಬರುತ್ತದೆ. ಕೊನೆಗೆ ಜನರಿಗೆ ಅಪಾಯ ಎಂದು ಅದನ್ನು ಕೊಲ್ಲಬೇಕಾಗುತ್ತದೆ.

“ಕರಡಿಗೆ ನೀವು ಕೊಟ್ಟ ಒಂದು ತುತ್ತು ಅದರ ಪ್ರಾಣವನ್ನೇ ತೆಗೆಯಬಹುದು” ಎಂಬರ್ಥದಲ್ಲಿ ರೇಂಜರ್ ಹೇಳಿದರು.

ನಾನು ಹುಡುಗನಾಗಿದ್ದಾಗ ಊರಿಗೆ ಕರಡಿ ಆಡಿಸುವವನು ಬರುತ್ತಿದ್ದ. ಹೆದರುವ ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು, ಅದರ ಕೂದಲನ್ನು ತಾಯಿತಕ್ಕೆ ಹಾಕಿಸುತ್ತಿದ್ದರು. ನನ್ನನ್ನೂ ಕೂರಿಸಿದ್ದರು. ಮೂಗಿಗೆ ಹಗ್ಗ ಪೋಣಿಸಿದ್ದ ಆ ಕರಡಿಯ ಮುಖ ಇಷ್ಟು ವರ್ಷಗಳ ಮೇಲೆ ನೆನಪಿಗೆ ಬಂತು. ಪಕ್ಕಕ್ಕೆ ತಿರುಗಿ ನೋಡಿದೆ. ಚಿನ್ನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಅವನು ಮಾಡದ ತಪ್ಪಿಗೆ ಒಂದು ಕರಡಿ ಸಾಯಬಹುದಾಗಿತ್ತು ಎಂದು ಅವನು ಅಳುತ್ತಿದ್ದ.

ಬ್ಯಾಂಕಿನಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೂ ನಾವು ಮನೆಗೆ ಹೋಗುತ್ತಿರಲಿಲ್ಲ. ರಾತ್ರಿ ಎಂಟಾದರೂ ಲೆಡ್ಜರ್ ತಿರುವುತ್ತಿದ್ದೆವು. ಎಲ್ಲಿ ಸೇರಿಸಬೇಕೆಂದು ತಿಳಿಯದ ಮೊತ್ತವನ್ನು ‘ಸಸ್ಪೆನ್ಸ್ ಅಕೌಂಟ್’ ಎಂಬ ಖಾತೆಯಲ್ಲಿ ಇಡುತ್ತಿದ್ದೆವು. ನನ್ನ ಎಂಟ್ರಿ ಎಲ್ಲಿ ಸೇರಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸಸ್ಪೆನ್ಸಿನಲ್ಲಿ ಇಟ್ಟಿದ್ದೆ.

ಬೆಂಕಿಯ ಸುತ್ತ

ಗಾಡಿಯ ಹತ್ತಿರ ಅಳಿಯಂದಿರು ಗುಂಡಿಯಲ್ಲಿ ಬೆಂಕಿ ಹಾಕಿದರು. ರಾತ್ರಿ ಹತ್ತರೊಳಗೆ ಆರಿಸಬೇಕು. ಮಗಳು ಮಕ್ಕಳಿಗೆ ಕಡ್ಡಿಗೆ ಚುಚ್ಚಿ ಸುಡಲು ಮಾರ್ಷ್‌ಮೆಲೊ ತಂದಿದ್ದಳು. ಅದಕ್ಕೆ ಸಾಮಾನ್ಯವಾಗಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಹಾಕುತ್ತಾರೆ. ಅದಿಲ್ಲದ್ದನ್ನೇ ಹುಡುಕಿ ತಂದಿದ್ದಳು. ನಮ್ಮ ಮನೆಯವರು ಕೆಂಡದ ಮೇಲೆ ಹಪ್ಪಳ ಸುಟ್ಟರು. ಪುಟ್ಟಿ ಕುಣಿಯುತ್ತಿದ್ದಳು. ಚಿನ್ನು ತಿನ್ನಲಿಲ್ಲ.

ನಾನು ಎದ್ದು ನಿಂತೆ. ಕೂತು ಹೇಳಬಹುದಿತ್ತು, ಆದರೂ ಎದ್ದು ನಿಂತೆ.

“ಚಿನ್ನು, ಬೆಳಗ್ಗೆ ಪೆಟ್ಟಿಗೆ ತೆಗೆದಿದ್ದು ನಾನು. ಡಬ್ಬಿ ಹೊರಗಿಟ್ಟು ಹೋಗಿದ್ದೂ ನಾನೇ. ನೀನು ಸರಿಯಾಗೇ ಚಿಲಕ ಹಾಕಿದ್ದೆ. ನೀನು ಬೈಸಿಕೊಳ್ಳುವಾಗ ನಾನು ಸುಮ್ಮನಿದ್ದೆ. ಅದು ಇನ್ನೂ ದೊಡ್ಡ ತಪ್ಪು. ನನ್ನನ್ನು ಕ್ಷಮಿಸು ಮಗು.”

ಯಾರೂ ಮಾತಾಡಲಿಲ್ಲ. ಹಪ್ಪಳ ಸೀದ ವಾಸನೆ ಬಂತು. ಚಿನ್ನು ನನ್ನನ್ನೇ ನೋಡಿದ. ಆಮೇಲೆ ನಿಧಾನವಾಗಿ ಹೇಳಿದ:

“ಮರೆತುಹೋಗೋದು ಪರವಾಗಿಲ್ಲ ತಾತ. ಆದ್ರೆ ಬೆಳಗ್ಗೇನೇ ಹೇಳಬೇಕಿತ್ತು.”

“ಹೌದು, ಹೇಳಬೇಕಿತ್ತು” ಎಂದೆ.

ಮಗಳು ಅವನನ್ನು ತಬ್ಬಿಕೊಂಡು, “ನಾನೂ ಕೇಳದೇ ಬೈದುಬಿಟ್ಟೆ, ಸಾರಿ ಕಣೋ” ಎಂದಳು. ಅವನು ಕಡ್ಡಿ ತೆಗೆದುಕೊಂಡು ಬೆಂಕಿಯ ಹತ್ತಿರ ಬಂದ. ಮೊದಲು ಸುಟ್ಟ ಮಾರ್ಷ್‌ಮೆಲೊ ನನಗೇ ಕೊಟ್ಟ. ನಾಲಿಗೆ ಸುಟ್ಟಿತು, ಹೇಳಲಿಲ್ಲ.

ಮಕ್ಕಳು ಮಲಗಿದ ಮೇಲೆ ಮಗಳು ಪಾತ್ರೆ ಒರೆಸುತ್ತಿದ್ದಳು. ನಾನು ಪಕ್ಕದಲ್ಲಿದ್ದೆ.

“ಅಪ್ಪ, ನಾನು ಐದನೇ ಕ್ಲಾಸಲ್ಲಿದ್ದಾಗ ಐವತ್ತು ರೂಪಾಯಿ ನೋಟು ಕಳೆದಿತ್ತು, ನೆನಪಿದೆಯಾ? ನಾನು ತಗೊಂಡೆ ಅಂತ ಹೊಡೆದಿದ್ರಿ.”

ನೆನಪಿತ್ತು. ಎರಡು ದಿನದ ಮೇಲೆ ಆ ನೋಟು ಒಗೆಯಲು ಹಾಕಿದ್ದ ನನ್ನ ಷರಟಿನ ಜೇಬಿನಲ್ಲೇ ಸಿಕ್ಕಿತ್ತು. ಅವಳಿಗೆ ಪೆನ್ಸಿಲ್ ಬಾಕ್ಸ್ ತಂದುಕೊಟ್ಟಿದ್ದೆ. ಯಾಕೆಂದು ಹೇಳಿರಲಿಲ್ಲ.

“ಅಮ್ಮ ಆಮೇಲೆ ಹೇಳಿದ್ಲು ನಂಗೆ, ಸಿಕ್ತು ಅಂತ. ನೀವು ಹೇಳ್ತೀರೇನೋ ಅಂತ ತುಂಬಾ ದಿನ ಕಾದಿದ್ದೆ” ಎಂದಳು. ಸಿಟ್ಟಿನಿಂದಲ್ಲ, ಯಾವುದೋ ಹಳೆಯ ಊರಿನ ಹೆಸರು ಹೇಳುವ ಹಾಗೆ ಹೇಳಿದಳು.

“ತಪ್ಪಾಯ್ತು ಕಣಮ್ಮ” ಎಂದೆ. ಮೂವತ್ತೈದು ವರ್ಷಕ್ಕೂ ಮೇಲೆ ಸಸ್ಪೆನ್ಸ್ ಅಕೌಂಟಿನಲ್ಲಿದ್ದ ಎಂಟ್ರಿ ಅದು. ಅವಳು ಒದ್ದೆ ಕೈಯಲ್ಲೇ ನನ್ನ ಕೈ ಹಿಡಿದುಕೊಂಡಳು.

ಆ ರಾತ್ರಿ ನನಗೆ ಬಂದಂಥ ನಿದ್ದೆ ನಿವೃತ್ತಿಯಾದ ಮೇಲೂ ಬಂದಿರಲಿಲ್ಲ. ಎದ್ದಾಗ ಆರೂವರೆ!

ಶಿಲ್ಕು

ಮೂರನೇ ದಿನ ಚಿನ್ನು ನನ್ನನ್ನೂ ವಿಸಿಟರ್ ಸೆಂಟರಿಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಇಬ್ಬರೂ ಕಸ ಹೆಕ್ಕಿದೆವು: ಬಾಟಲಿ ಮುಚ್ಚಳ, ಚಾಕಲೇಟ್ ಕಾಗದ, ಒಂದು ಮಗುವಿನ ಕಾಲುಚೀಲ. “ತಾತ, ರೇಂಜರ್‌ಗೂ ಹೇಳಬೇಕು” ಎಂದ. ನನ್ನ ಹರಕು ಮುರುಕು ಇಂಗ್ಲಿಷಿನಲ್ಲಿ ಅಲ್ಲಿದ್ದ ಮಹಿಳಾ ರೇಂಜರಿಗೆ ಎಲ್ಲವನ್ನೂ ಹೇಳಿದೆ. ಅವರು ನಕ್ಕು, ಹೇಳಿದ್ದಕ್ಕೆ ಧನ್ಯವಾದ ಎಂದು ಕೈ ಕುಲುಕಿದರು. ಚಿನ್ನುವಿನ ಪುಸ್ತಕ ನೋಡಿ, ಪ್ರಶ್ನೆ ಕೇಳಿ, ಬಲಗೈ ಎತ್ತಿಸಿ ಪ್ರಮಾಣವಚನ ಬೋಧಿಸಿದರು. ನನ್ನ ಕೈಯೂ ತಾನಾಗಿ ಮೇಲೆದ್ದಿತು. ಬ್ಯಾಡ್ಜು ಮಾತ್ರ ಅವನಿಗೆ.

ಮಧ್ಯಾಹ್ನ ನಾವು ಆರೂ ಜನ ನದಿಯ ದಡದ ತಿಳಿನೀರಿನಲ್ಲಿ ಕಾಲು ಬಿಟ್ಟುಕೊಂಡು ಕೂತೆವು. ಹಿಮದ ನೀರು, ಕಾಲು ಜೋಮು ಹಿಡಿಯುವಷ್ಟು ತಂಪು. ಯಾರಿಗೂ ಎಲ್ಲಿಗೂ ಹೋಗುವ ಅವಸರವಿರಲಿಲ್ಲ. ನನ್ನ ಮಗಳ ಪಕ್ಕದಲ್ಲಿ ನಾನು ಹೀಗೆ ಕೆಲಸವಿಲ್ಲದೆ ಕೂತದ್ದು ಅವಳು ಹುಟ್ಟಿದ ಮೇಲೆ ಅದೇ ಮೊದಲಿರಬೇಕು. ರೆಸ್ಟ್ ಎಂದರೆ ಇದೇ ಇರಬಹುದು ಎಂದುಕೊಂಡೆ. ಮನಸ್ಸಿನ ಲೆಕ್ಕ ತಾಳೆಯಾಗದೆ ಬರೀ ಕುರ್ಚಿಯಲ್ಲಿ ಕೂತರೆ ಅದು ಬರುವುದಿಲ್ಲ.

ಮಕ್ಕಳೇ, ಗಾಲಿಮನೆಯಲ್ಲಿ ಹೋಗಲು ನಿಮಗೆಲ್ಲ ಆಗದಿರಬಹುದು. ಆದರೆ ಒಂದು ವಿಷಯ ನೆನಪಿಡಿ. ಆಗುಂಬೆ ಘಾಟಿಗೋ, ನಂದಿ ಬೆಟ್ಟಕ್ಕೋ, ಚಾಮುಂಡಿ ಬೆಟ್ಟಕ್ಕೋ ಹೋದಾಗ ಕೋತಿಗಳಿಗೆ ಚಿಪ್ಸು, ಬಿಸ್ಕತ್ತು ಎಸೆಯಬೇಡಿ. ರುಚಿ ಹತ್ತಿದ ಕೋತಿ ರಸ್ತೆಗೆ ಬರುತ್ತದೆ, ವಾಹನದ ಕೆಳಗೆ ಸಿಕ್ಕಿ ಸಾಯುತ್ತದೆ. ಯೊಸೆಮಿಟಿಯಲ್ಲಿ ಕರಡಿಗೆ ವಾಹನ ಬಡಿದ ಕಡೆಯೆಲ್ಲ ರಸ್ತೆ ಬದಿಗೆ ಕೆಂಪು ಕರಡಿಯ ಚಿತ್ರದ ಫಲಕ ನೆಟ್ಟಿದ್ದಾರೆ. ನಮ್ಮ ಘಾಟಿಗಳಲ್ಲಿ ಕೋತಿಗಳಿಗೆ ಹಾಗೆ ನೆಟ್ಟರೆ ಫಲಕಗಳಿಗೆ ಜಾಗ ಸಾಲದು.

ಅಜ್ಜ-ಅಜ್ಜಿಯರಿಗೆ ನಾನೇನು ಹೇಳಲಿ? ಮೊಮ್ಮಕ್ಕಳ ಮುಂದೆ ತಪ್ಪು ಒಪ್ಪಿಕೊಂಡರೆ ನಮ್ಮ ತೂಕ ಕಡಿಮೆಯಾಗುವುದಿಲ್ಲ. ನಾನು ತೂಗಿ ನೋಡಿದ್ದೇನೆ.

ವಾಪಸು ಹೊರಡುವ ಬೆಳಗ್ಗೆ ಚಿನ್ನು ಲೆಕ್ಕದ ಪುಸ್ತಕ ತಂದ. ಬಿಟ್ಟುಹೋಗಿದ್ದ ದಿನದ ಖರ್ಚನ್ನೂ ಅಮ್ಮನನ್ನು ಕೇಳಿ ತುಂಬಿಸಿದ್ದ. ಮೂರು ದಿನಕ್ಕೆ ಒಟ್ಟು ಖರ್ಚು 137 ಲೀಟರ್, ಶಿಲ್ಕು 13. ಅದರ ಕೆಳಗೆ ಇನ್ನೊಂದು ಸಾಲು ಅವನ ಸೊಟ್ಟ ಕನ್ನಡ ಅಕ್ಷರದಲ್ಲಿತ್ತು: “ಕೋಡುಬಳೆ ಶಿಲ್ಕು 4. ತಾತನಿಗೆ 2, ನನಗೆ 2. ಗಾಡಿ ಒಳಗೆ ಕೂತು ತಿನ್ನಬೇಕು.”

ನಾನು ಸಹಿ ಹಾಕಿದೆ.